ಅಪ್ಪನ ಚೀಲದ ಅಂಬೇಡ್ಕರ್ ರೂಪಾಯಿ

ಕಳೆದ ಡಿಸೆಂಬರ್‌ನಲ್ಲಿ ತಂಗಿ ಮೆಲ್ಬರ್ನ್‌ನಿಂದ ಬಂದಿದ್ದಳು. ಜೊತೆಗೆ ಮಗಳು, ಹದಿನಾಲ್ಕು ವರ್ಷದ ಹುಡುಗಿ. ಬಂದ ಎರಡನೇ ದಿನ ಅವಳ ಪರ್ಸಿನಿಂದ ಒಂದು ನಾಣ್ಯ ಊಟದ ಮೇಜಿನ ಮೇಲೆ ಬಿತ್ತು. ದುಂಡಗಿರಲಿಲ್ಲ, ಹನ್ನೆರಡು ಮೂಲೆ. ಅಮ್ಮ ಕೈಗೆ ತಗೊಂಡು ಹೆಬ್ಬೆರಳಿನಿಂದ ಅಂಚು ಸವರಿ, "ಏನೇ ಇದು, ಇಷ್ಟು ಭಾರ!" ಅಂದರು. ನಮ್ಮ ಹತ್ತು ರೂಪಾಯಿಯ ಎರಡು ನಾಣ್ಯ ಒಟ್ಟಿಗೆ ಹಿಡಿದಷ್ಟು ತೂಕ ಇತ್ತು.

ಅದು ಆಸ್ಟ್ರೇಲಿಯಾದ ಐವತ್ತು ಸೆಂಟ್. 2017ರದ್ದು. ಅಂಗಡಿಯಲ್ಲಿ ಚಿಲ್ಲರೆಯಾಗಿ ಕೈಗೆ ಬಂದಿತ್ತಂತೆ. ಅದನ್ನು ಮಾತ್ರ ಖರ್ಚು ಮಾಡದೆ ಇಟ್ಟುಕೊಂಡಿದ್ದಾಳೆ. ಯಾಕಮ್ಮ ಅಂತ ಕೇಳಿದೆ. ಶಾಲೆಯಲ್ಲಿ ಹೇಳಿಕೊಟ್ಟಿದ್ದನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಅಮ್ಮ ಹುಣಸೆಹಣ್ಣು ಬಿಡಿಸುವುದನ್ನು ನಿಲ್ಲಿಸಿ ಕೇಳಿದರು.

ಆ ನಾಣ್ಯ ಎರಡು ಇಸವಿಗಳ ನೆನಪಿಗೆ ಬಂದದ್ದು. ಒಂದು 1967, ಇನ್ನೊಂದು 1992.

ಆಸ್ಟ್ರೇಲಿಯಾದ ಸಂವಿಧಾನ 1901ರಲ್ಲಿ ಜಾರಿಗೆ ಬಂತು. ಅದರ 127ನೇ ಕಲಮಿನಲ್ಲಿ ಒಂದೇ ಒಂದು ವಾಕ್ಯ ಇತ್ತು. ದೇಶದ ಜನಸಂಖ್ಯೆ ಲೆಕ್ಕ ಹಾಕುವಾಗ ಅಲ್ಲಿನ ಮೂಲನಿವಾಸಿಗಳನ್ನು ಎಣಿಸಬಾರದು ಅಂತ. ಸಾವಿರಾರು ವರ್ಷಗಳಿಂದ ಆ ನೆಲದ ಮೇಲೆ ಬದುಕಿದವರನ್ನು ಆ ನೆಲದ ಲೆಕ್ಕದಿಂದಲೇ ಬಿಡಬೇಕು ಅಂತ. 51ನೇ ಕಲಮಿನ ಒಂದು ಭಾಗವೂ ಹಾಗೇ ಇತ್ತು. ಬೇರೆ ಯಾವ ಜನಾಂಗಕ್ಕೆ ಬೇಕಾದರೂ ಕೇಂದ್ರ ಸಂಸತ್ತು ಕಾನೂನು ಮಾಡಬಹುದಿತ್ತು, ರಾಜ್ಯಗಳಲ್ಲಿದ್ದ ಮೂಲನಿವಾಸಿಗಳಿಗೆ ಮಾತ್ರ ಮಾಡುವ ಹಾಗಿರಲಿಲ್ಲ. 1967ರ ಮೇ 27ರಂದು ಅಲ್ಲಿನ ಜನ ಮತ ಹಾಕಿ ಆ 127ನೇ ಕಲಮನ್ನೇ ಕಿತ್ತುಹಾಕಿದರು, ಇನ್ನೊಂದನ್ನು ತಿದ್ದಿದರು. ದೇಶದಲ್ಲಿ ಒಟ್ಟು ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಹೌದು ಅಂದರು, ಆರೂ ರಾಜ್ಯಗಳಲ್ಲಿ ಹೌದೇ ಗೆದ್ದಿತು. ಆ ದಿನವೇ ಮೂಲನಿವಾಸಿಗಳಿಗೆ ಮತದಾನದ ಹಕ್ಕು ಬಂತು ಅಂತ ಅಲ್ಲಿಯವರೇ ತುಂಬ ಜನ ನಂಬಿದ್ದಾರೆ. ಅದು ಸರಿಯಲ್ಲ. ಕೇಂದ್ರದ ಚುನಾವಣೆಯಲ್ಲಿ ಆ ಹಕ್ಕು 1962ರಲ್ಲೇ ಬಂದಿತ್ತು.

1992 ಅಂದರೆ ಎಡ್ಡಿ ಮಾಬೊ ಅವರ ವರ್ಷ. ಟಾರೆಸ್ ಜಲಸಂಧಿಯ ಮೆರ್ ಅನ್ನುವ ಪುಟ್ಟ ದ್ವೀಪದವರು. ಟೌನ್ಸ್‌ವಿಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ತೋಟದ ಮಾಲಿಯಾಗಿ ಕೆಲಸ ಮಾಡುತ್ತಿದ್ದರು. ತಾನು ಹುಟ್ಟಿದ ದ್ವೀಪದ ನೆಲ ಕಾನೂನಿನ ಪ್ರಕಾರ ತನ್ನ ಜನರದ್ದಲ್ಲ, ಸರ್ಕಾರದ್ದು ಅಂತ ಅವರಿಗೆ ಗೊತ್ತಾದದ್ದು ಅಲ್ಲಿ ಕೆಲಸ ಮಾಡುವಾಗ. ಹತ್ತು ವರ್ಷ ಕೋರ್ಟು ಹತ್ತಿದರು. ಬಿಳಿಯರು ಬರುವ ಮೊದಲು ಆ ನೆಲ ಯಾರಿಗೂ ಸೇರಿರಲಿಲ್ಲ ಅನ್ನುವ ವಾದವನ್ನು ಹೈಕೋರ್ಟು 1992ರ ಜೂನ್ 3ರಂದು ತಳ್ಳಿಹಾಕಿತು. ಅಲ್ಲಿ ಹೈಕೋರ್ಟೇ ಎಲ್ಲಕ್ಕಿಂತ ದೊಡ್ಡ ಕೋರ್ಟು. ಮಾಬೊ ಅದನ್ನು ನೋಡಲಿಲ್ಲ. ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು. ಈ ಐವತ್ತು ಸೆಂಟಿನ ಚಿತ್ರ ಬರೆದವರು ಅವರ ಮೊಮ್ಮಗಳು, ಬೊನೆಟಾ ಮೇರಿ ಮಾಬೊ.

ಮೊಮ್ಮಗಳು ಅಂದ ಕೂಡಲೇ ಅಮ್ಮ ನಾಣ್ಯವನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

ಇದನ್ನು ಬರೆಯುವಾಗ 2023 ನೆನಪಾಗದೆ ಇರುವುದಿಲ್ಲ. ಮೂಲನಿವಾಸಿಗಳಿಗೆ ಸಂಸತ್ತಿಗೆ ಸಲಹೆ ಕೊಡುವ ಒಂದು ಮಂಡಳಿ ಇರಲಿ ಅಂತ ಸಂವಿಧಾನ ತಿದ್ದಲು ಮತ್ತೆ ಜನರನ್ನು ಕೇಳಿದರು. ಆರೂ ರಾಜ್ಯಗಳು ಬೇಡ ಅಂದವು. ಆಮೇಲೆ ತಂಗಿ ಫೋನ್ ಮಾಡಿದ್ದಳು. ಅವಳ ಪಕ್ಕದ ಬೀದಿಯ ಎಷ್ಟೋ ಬೇಲಿಗಳ ಮೇಲೆ ಹೌದು ಅನ್ನುವ ಬೋರ್ಡು ಇತ್ತಂತೆ. ಫಲಿತಾಂಶದ ಮಾರನೇ ದಿನ ಒಬ್ಬೊಬ್ಬರೇ ಬಂದು ಬಿಚ್ಚುತ್ತಿದ್ದರಂತೆ.

"ನಮ್ಮಲ್ಲಿ ಹೀಗೆ ಸಂವಿಧಾನ ಬದಲಾಯಿಸಿದ್ದಕ್ಕೆ ಕಾಯಿನ್ ಇದೆಯಾ ದೊಡ್ಡಮ್ಮ?" ಅಂತ ಹುಡುಗಿ ಕೇಳಿದಳು.

ನಾನು ಅಪ್ಪನ ಡಬ್ಬಿ ತಂದೆ.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಜಾಸ್ತಿ ವರ್ಷ ಮಾಡಿದ್ದು ಕೊಳ್ಳೇಗಾಲ–ಚಾಮರಾಜನಗರ ದಾರಿ, ಯಳಂದೂರು, ಸಂತೇಮರಹಳ್ಳಿ ಮೇಲೆ. ಕಂಡಕ್ಟರಿಗೆ ಚಿಲ್ಲರೆಯೇ ತಲೆನೋವು. ಕೊಡಬೇಕಾದ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದು, ಇಳಿಯುವಾಗ ಕೊಡೋದು. ಆದರೆ ಚೀಲದಲ್ಲಿ ಹೊಸ ಮುಖದ ನಾಣ್ಯ ಕಂಡರೆ ಅಪ್ಪ ಅದನ್ನು ತೆಗೆದು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಷ್ಟೇ ಬೆಲೆಯ ಬೇರೆ ಕಾಸನ್ನು ತಮ್ಮ ಜೇಬಿನಿಂದ ಚೀಲಕ್ಕೆ ಹಾಕುತ್ತಿದ್ದರು. ಮನೆಗೆ ಬಂದು ಈ ಡಬ್ಬಿಗೆ. ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳ ಈಗ ಬಿಗಿ ಇಲ್ಲ, ರಬ್ಬರ್ ಹಾಕಿದ್ದೇವೆ.

ಮೇಜಿನ ಮೇಲೆ ಸುರಿದೆವು. ಡಬ್ಬಿಯಲ್ಲಿ ಎಲ್ಲಕ್ಕಿಂತ ಹಳೆಯದು 1964ರ ನೆಹರೂ ರೂಪಾಯಿ. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು ಅವೇ, ಒಂದು ರೂಪಾಯಿ ಮತ್ತು ಐವತ್ತು ಪೈಸೆ. ಆಮೇಲೆ 1969ರ ಗಾಂಧೀಜಿ. ಕಮಲದ ಹಳದಿ ಇಪ್ಪತ್ತು ಪೈಸೆ ಒಂದಷ್ಟು ಇರಬೇಕಿತ್ತು. ಅವು ಡಬ್ಬಿಯಲ್ಲಿ ಇಲ್ಲ, ದೇವರ ಮನೆಯಲ್ಲಿವೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ಅವನ್ನು ತೊಳೆದು ಕಳಶದ ಮುಂದೆ ತಟ್ಟೆಯಲ್ಲಿ ಇಡುತ್ತಾರೆ. ಅದರಲ್ಲಿ ಚಿನ್ನ ಬೆರೆತಿದೆ ಅಂತ ಆಗ ಊರೆಲ್ಲ ನಂಬಿತ್ತು.

ಅಲ್ಯೂಮಿನಿಯಂನ ಹತ್ತು ಪೈಸೆಗಳು ಒಂದು ರಾಶಿ. ಅಂಚು ಹೂವಿನ ಹಾಗೆ ಬಳುಕಿದೆ, ಊದಿದರೆ ಹಾರುವಷ್ಟು ಹಗುರ. ಈಗ ಅವು ಹಣವೇ ಅಲ್ಲ. 2011ರ ಜೂನ್ 30ಕ್ಕೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನದ್ದೆಲ್ಲ ಚಲಾವಣೆಯಿಂದ ಹೋಯಿತು. ಆದರೆ ಒಂದೊಂದರ ಮೇಲೂ ಒಂದು ಮಾತು ಇದೆ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. 1974: ಯೋಜಿತ ಕುಟುಂಬ, ಎಲ್ಲರಿಗೂ ಆಹಾರ. 1975: ಸಮಾನತೆ, ಅಭಿವೃದ್ಧಿ, ಶಾಂತಿ. ಅದು ಅಂತರರಾಷ್ಟ್ರೀಯ ಮಹಿಳಾ ವರ್ಷದ್ದು. 1976: ಎಲ್ಲರಿಗೂ ಆಹಾರ ಮತ್ತು ಕೆಲಸ. 1979: ನಲಿಯುವ ಮಗು ದೇಶದ ಹೆಮ್ಮೆ. 1980: ಗ್ರಾಮೀಣ ಮಹಿಳೆಯರ ಏಳಿಗೆ.

ನೋಟಿನ ಮೇಲಾದರೆ ಹದಿನೈದು ಭಾಷೆಗಳ ಸಾಲಿನಲ್ಲಿ ನಮ್ಮ ಕನ್ನಡವೂ ಇರುತ್ತದೆ. ಈ ನಾಣ್ಯಗಳ ಮೇಲೆ ಇಲ್ಲ. ಅಪ್ಪನ ಬಸ್ಸು ಹತ್ತಿದ ಎಷ್ಟು ಜನ ಈ ಮಾತುಗಳನ್ನು ಓದಿರಬಹುದು? ಗ್ರಾಮೀಣ ಮಹಿಳೆಯರ ಏಳಿಗೆಯ ನಾಣ್ಯವನ್ನು ಸೆರಗಿನ ತುದಿಯ ಗಂಟಿನಿಂದ ಬಿಚ್ಚಿ ಕೊಟ್ಟ ಹೆಂಗಸಿಗೆ ಅದರ ಮೇಲೆ ತನ್ನ ವಿಷಯವೇ ಬರೆದಿದೆ ಅಂತ ಗೊತ್ತಿರಲಿಲ್ಲ.

ಇವನ್ನೆಲ್ಲ ಇಸವಿ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಸಂವಿಧಾನದ ತಿದ್ದುಪಡಿಗಳನ್ನು ಇಟ್ಟು ನೋಡಿದೆ. ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಲ್ವಾ? ನಮ್ಮ ಸಂವಿಧಾನವನ್ನು ತಿದ್ದುವುದು ಸಂಸತ್ತು, ಜನರ ನೇರ ಮತದಿಂದ ಅಲ್ಲ. 2023ರ ಮಹಿಳಾ ಮೀಸಲಾತಿಯದ್ದು 106ನೆಯದು. ಮೊದಲನೆಯದು 1951ರಲ್ಲೇ ಬಂತು, ಸಂವಿಧಾನಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಮದರಾಸಿನ ಕಾಲೇಜು ಸೀಟುಗಳ ಜಾತಿವಾರು ಹಂಚಿಕೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ, ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಬಹುದು ಅಂತ 15ನೇ ವಿಧಿಗೆ ಹೊಸ ಉಪವಿಧಿ ಸೇರಿಸಿದರು. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಮೊದಲ ಪದವಿ, ಮೊದಲ ಕೆಲಸ ಆ ಒಂದು ಸಾಲಿನಿಂದ ಬಂದಿದೆ! ಅದಕ್ಕೆ ಡಬ್ಬಿಯಲ್ಲಿ ನಾಣ್ಯ ಇಲ್ಲ. 61ನೇ ತಿದ್ದುಪಡಿ 1989ರ ಮಾರ್ಚಿನಲ್ಲಿ ಜಾರಿಯಾಗಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ನನಗೆ ಆಗ ಸರಿಯಾಗಿ 18. ಆ ನವೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಮತ ಹಾಕಿ ಬಂದೆ. ಅದಕ್ಕೂ ಇಲ್ಲ. ಆ ವರ್ಷದ ನಾಣ್ಯದ ಮೇಲೆ ನೆಹರೂ ಇದ್ದಾರೆ, ಜನ್ಮ ಶತಮಾನೋತ್ಸವದ್ದು.

ಇನ್ನು 73ನೇ ತಿದ್ದುಪಡಿ. ಇದನ್ನು ನೆನೆದರೆ ನನಗೆ ಸಂಕಟ ಆಗುತ್ತದೆ. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಪಂಚಾಯಿತಿಗಳಲ್ಲಿ ಮೂರರಲ್ಲಿ ಒಂದು ಸೀಟು ಹೆಂಗಸರಿಗೆ ಅಂತ ಸಂವಿಧಾನವೇ ಹೇಳಿತು. ಕರ್ನಾಟಕ ಅದಕ್ಕಿಂತ ಮೊದಲೇ ಹೆಜ್ಜೆ ಇಟ್ಟಿತ್ತು. ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ ತಂದ ಕಾಯಿದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸೀಟು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ನಮ್ಮ ದೊಡ್ಡತ್ತೆ ಆಗ ಮಂಡಲ ಪಂಚಾಯಿತಿಗೆ ನಿಂತು ಗೆದ್ದರು. ಓದು ನಾಲ್ಕನೇ ಕ್ಲಾಸು. ಮೊದಲ ಸಭೆಗೆ ಹೋದಾಗ ಕುರ್ಚಿ ಇದ್ದರೂ ಕೂರಲು ಹಿಂಜರಿದು ಬಾಗಿಲ ಹತ್ತಿರ ನಿಂತಿದ್ದರಂತೆ. ಮೂರನೇ ಸಭೆಗೆ ಕೊಳವೆಬಾವಿ ಎಲ್ಲಿ ಕೊರೆಯಬೇಕು ಅಂತ ಜಗಳ ಆಡಿ ಬಂದರು. ಆ ಕೈಪಂಪು ಈಗ ಬತ್ತಿದೆ, ಕಟ್ಟೆ ಇನ್ನೂ ಇದೆ.

1993ರ ಹನ್ನೊಂದು ಮೂಲೆಯ ಎರಡು ರೂಪಾಯಿ ಡಬ್ಬಿಯಲ್ಲಿದೆ. ಅದರ ಮೇಲೆ ಬರೆದಿರುವುದು: ಚಿಕ್ಕ ಕುಟುಂಬ, ಸುಖೀ ಕುಟುಂಬ.

ಆ ಮಾತು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಲಕ್ಷಾಂತರ ಹೆಂಗಸರಿಗೆ ಪಂಚಾಯಿತಿಯ ಬಾಗಿಲು ತೆರೆದ ವರ್ಷ, ಅವರ ಕೈಗೆ ಹೋದ ನಾಣ್ಯ ಎಷ್ಟು ಮಕ್ಕಳನ್ನು ಹೆರಬೇಕು ಅಂತ ಹೇಳುತ್ತಿತ್ತು. ರಾಶಿಯನ್ನು ನೋಡುತ್ತಾ ಹೋದರೆ ಇದೇ ಕಾಣುತ್ತದೆ. ಜಾಸ್ತಿ ಬೆಳೆಯಿರಿ, ಉಳಿತಾಯ ಮಾಡಿ, ಕಡಿಮೆ ಹೆರಿರಿ. ಬುದ್ಧಿಮಾತು ಬೇಕಾದಷ್ಟಿದೆ. ಇದು ನಿಮ್ಮ ಹಕ್ಕು, ಇಂಥ ದಿನದಿಂದ ಇದು ನಿಮ್ಮದು ಅನ್ನುವ ನಾಣ್ಯ ನನ್ನ ಕೈಗೆ ಸಿಗಲಿಲ್ಲ. ಆ ಮಾತಿಗೆ ಎಲ್ಲಕ್ಕಿಂತ ಹತ್ತಿರ ಬರುವುದು ಒಂದು ಮುಖ.

1990ರ ಒಂದು ರೂಪಾಯಿ. ಅಂಬೇಡ್ಕರ್ ಜನ್ಮ ಶತಮಾನೋತ್ಸವದ್ದು. ಈಗಿನ ರೂಪಾಯಿಗಿಂತ ದೊಡ್ಡದು, ಆರು ಗ್ರಾಂ. ಕನ್ನಡಕದ ಅಂಚು ಬೆರಳಿಗೆ ಇನ್ನೂ ಹತ್ತುತ್ತದೆ. 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆಯೇ ದೊಡ್ಡ ಪ್ರಬಂಧ ಬರೆದವರು ಅವರು. ಅವರ ಮುಖ ರೂಪಾಯಿಯ ಮೇಲೆ ಬರಲು ಅರವತ್ತೇಳು ವರ್ಷ ಆಯಿತು.

ಈ ರೂಪಾಯಿ ನಮ್ಮ ಕಡೆ ಓಡಾಡಲು ಶುರುವಾದಾಗ ನಾನು ಚಾಮರಾಜನಗರದಲ್ಲಿ ಕಾಲೇಜು ಓದುತ್ತಿದ್ದೆ. ಎಷ್ಟೋ ಸಲ ಅಪ್ಪನ ಬಸ್ಸಿನಲ್ಲೇ ಹೋಗುತ್ತಿದ್ದೆ. ಒಂದು ಬೆಳಗ್ಗೆ, ಯಳಂದೂರು ದಾಟಿದ ಮೇಲೆ ಒಂದು ಸ್ಟಾಪಿನಲ್ಲಿ ಒಬ್ಬ ಹಿರಿಯರು ಹತ್ತಿದರು. ಟಿಕೆಟ್ ತಗೊಂಡು, ಎರಡು ಎಂಟಾಣೆಯನ್ನು ಬೇರೆ ಮಾಡಿ ಅಂಗೈಯಲ್ಲಿ ಹಿಡಿದು, "ಕಂಡಕ್ಟ್ರಪ್ಪ, ಅಂಬೇಡ್ಕರಪ್ಪನ ರೂಪಾಯಿ ಇದ್ದದಾ?" ಅಂದರು. ಚೀಲದಲ್ಲಿ ಇತ್ತು. ಅಪ್ಪ ಹುಡುಕಿ ಕೊಟ್ಟರು. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು, ಎಲೆಅಡಿಕೆ ಚೀಲದ ಒಳಗಿನ ಪದರಕ್ಕೆ ಸೇರಿಸಿದರು. ಪಕ್ಕದ ಸೀಟಿನವನು ಕೇಳಿದ. ಹಿಂದಿನವಳು ಕೇಳಿದಳು. ಅದು ಊರಿಗೆ ಗೊತ್ತಾಯಿತು. ಆಮೇಲೆ ತಿಂಗಳುಗಟ್ಟಲೆ ಆ ಸ್ಟಾಪಿನಲ್ಲಿ ಯಾರಾದರೂ ಒಬ್ಬರು ಕೇಳುವುದು, ಅಪ್ಪ ಕೊಡುವುದು. ಸ್ವಂತ ಡಬ್ಬಿಗೆ ಹಾಕುವುದನ್ನು ಬಿಟ್ಟು ಅವರಿಗಾಗಿ ಹುಡುಕಿ ಇಡತೊಡಗಿದರು. ಡಿಪೋದಲ್ಲಿ ಬೇರೆ ಕಂಡಕ್ಟರುಗಳ ಹತ್ತಿರ ಬದಲಾಯಿಸಿಕೊಂಡು ತರುತ್ತಿದ್ದರು.

ಅಪ್ಪ ಯಾಕೆ ಅಷ್ಟು ಮಾಡಿದರು ಅಂತ ನನಗೆ ಗೊತ್ತಾದದ್ದು ತುಂಬ ತಡವಾಗಿ.

ನಮ್ಮ ಅಜ್ಜನದ್ದು ಹಳ್ಳಿಯಲ್ಲಿ ಒಂದು ಚಿಲ್ಲರೆ ಅಂಗಡಿ ಇತ್ತು. ಬೆಲ್ಲ, ಎಣ್ಣೆ, ಬೀಡಿ, ಬೆಂಕಿಪೊಟ್ಟಣ. ಜಗಲಿಯ ಕೆಳಗೆ ಒಂದು ಚಪ್ಪಡಿ ಕಲ್ಲು. ಕೇರಿಯಿಂದ ಬಂದವರು ಕಾಸನ್ನು ಆ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲಬೇಕು. ಅಜ್ಜಿ ಚೊಂಬಿನಿಂದ ನೀರು ಚಿಮುಕಿಸಿ, ಆಮೇಲೆ ಗಲ್ಲಾಕ್ಕೆ. ಸಾಮಾನನ್ನು ಮೇಲಿನಿಂದ ಅವರ ಬಟ್ಟೆಗೆ ಹಾಕುವುದು. ಅಪ್ಪನಿಗೆ ಆಗ ಹತ್ತು ವರ್ಷ. ಅಜ್ಜಿ ಒಳಗಿದ್ದರೆ ನೀರು ಚಿಮುಕಿಸುವ ಕೆಲಸ ಅಪ್ಪನದ್ದು. ಅಸ್ಪೃಶ್ಯತೆಯನ್ನು ರದ್ದು ಮಾಡುವ 17ನೇ ವಿಧಿ ಆ ಹೊತ್ತಿಗೆ ಜಾರಿಯಾಗಿ ಮೂರು ವರ್ಷ ಆಗಿತ್ತು. ನಮ್ಮ ಜಗಲಿಗೆ ಅದು ಬಂದಿರಲಿಲ್ಲ.

ಇದನ್ನು ಬರೆಯಲು ನಾಚಿಕೆ ಆಗುತ್ತದೆ. ಆದರೂ ಬರೆಯಬೇಕು. ನಡೆದದ್ದು ನಮ್ಮ ಮನೆಯಲ್ಲೇ.

ಅಪ್ಪ ಕಂಡಕ್ಟರ್ ಆದ ಮೊದಲ ದಿನ, ಒಬ್ಬರು ಬೆವರಿದ ಅಂಗೈ ಚಾಚಿ ನಾಣ್ಯ ಕೊಟ್ಟರಂತೆ. ಕೈಯಿಂದ ಕೈಗೆ. "ಆ ಬಿಸಿ ಇನ್ನೂ ಇತ್ತಮ್ಮ ಕಾಸಿನ ಮೇಲೆ" ಅಂತ ಅಪ್ಪ ನನಗೆ ಹೇಳಿದ್ದು, ನಿವೃತ್ತಿ ಆದ ಎಷ್ಟೋ ವರ್ಷಗಳ ಮೇಲೆ. ಬಸ್ಸಿನಲ್ಲಿ ಕಲ್ಲು ಇಲ್ಲ, ಚೊಂಬು ಇಲ್ಲ. ದಿನಕ್ಕೆ ನೂರಾರು ಕೈ.

2015ರಲ್ಲಿ ಅಂಬೇಡ್ಕರ್ ಅವರ 125ನೇ ಜಯಂತಿಗೆ ಎರಡು ನಾಣ್ಯ ಬಂದವು. ಒಂದು ಹತ್ತು ರೂಪಾಯಿ, ಇನ್ನೊಂದು 125 ರೂಪಾಯಿಯದು. 125 ರೂಪಾಯಿಯದು ಅರ್ಧ ಬೆಳ್ಳಿ, 35 ಗ್ರಾಂ, ಅಂಗೈ ತುಂಬುವಷ್ಟು ದೊಡ್ಡದು. ಇಂಥವು ಅಂಗಡಿಗೆ ಬರುವುದಿಲ್ಲ. ಟಂಕಸಾಲೆಯವರು ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ, ಬೆಲೆಯೂ ಮುಖಬೆಲೆಗಿಂತ ಎಷ್ಟೋ ಜಾಸ್ತಿ. ನಾಣ್ಯ ಸಂಗ್ರಹಿಸುವ ಒಬ್ಬ ಪರಿಚಯದವರು ತಮ್ಮದನ್ನು ತೋರಿಸಿದರು. ನಾನು ಕೈ ಚಾಚಿದೆ. "ಮುಟ್ಟಬೇಡಿ ಮೇಡಂ, ಬೆರಳಿನ ಗುರುತು ಬೀಳುತ್ತೆ" ಅಂದರು. ಅವರು ಹೇಳಿದ್ದು ಸರಿಯೇ, ಬೆಳ್ಳಿ ಕಪ್ಪಾಗುತ್ತದೆ. ಆದರೆ ಅಂಬೇಡ್ಕರ್ ಮುಖದ ಮುಂದೆ ಮುಟ್ಟಬೇಡಿ ಅನ್ನುವ ಮಾತು ಕೇಳಿ ನನ್ನ ಕೈ ಅಲ್ಲೇ ನಿಂತಿತು. ಮನೆಗೆ ಬರುವವರೆಗೂ ಅದೇ ಕಿವಿಯಲ್ಲಿತ್ತು.

ಹತ್ತು ರೂಪಾಯಿಯ ನಾಣ್ಯ ಕೈಗೆ ಬಂತು. ಅದರ ಕಥೆ ಬೇರೆ. ಹತ್ತು ರೂಪಾಯಿ ಕಾಯಿನ್ ನಡೆಯಲ್ಲ ಅನ್ನುವ ಪುಕಾರು ಹಬ್ಬಿ, ತರಕಾರಿಯವರು, ಆಟೋದವರು, ಯಾರೂ ತಗೊಳ್ಳುತ್ತಿರಲಿಲ್ಲ. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಡಬೇಕಾಯಿತು. ಒಂದು ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿಗೆ ಅಂತ ಅಂಬೇಡ್ಕರ್ ಮುಖದ್ದೇ ಕೊಟ್ಟೆ. ಹುಡುಗ ನೋಡಲೂ ಇಲ್ಲ, ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ. ಅವನಿಗೆ ಬೇರೆ ಏನೂ ಉದ್ದೇಶ ಇರಲಿಲ್ಲ, ನನಗೆ ಗೊತ್ತು. ಆದರೂ ಕಟ್ಟೆಯ ಮೇಲೆ ಹಿಂದಕ್ಕೆ ಜಾರಿ ಬಂದ ಆ ನಾಣ್ಯ ನೋಡಿ ಅಜ್ಜಿಯ ಚಪ್ಪಡಿ ಕಲ್ಲು ನೆನಪಾಯಿತು.

2024ರ ನವೆಂಬರ್ 26ರಂದು ಸಂವಿಧಾನಕ್ಕೆ 75 ತುಂಬಿದ ನೆನಪಿಗೆ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ನಾಣ್ಯ ಬಿಡುಗಡೆ ಮಾಡಿದರು. 75 ರೂಪಾಯಿಯದು. ಅದೂ ಪೆಟ್ಟಿಗೆಯದ್ದೇ. ಸಂವಿಧಾನದ ನೆನಪಿಗೆ ಒಂದು ರೂಪಾಯಿಯನ್ನೋ ಎರಡು ರೂಪಾಯಿಯನ್ನೋ ಕೋಟಿಗಟ್ಟಲೆ ಟಂಕಿಸಿ ಬಿಡಬಾರದಿತ್ತಾ? ಈಗ ಕಾಸು ಯಾರ ಕೈಯಲ್ಲಿದೆ, ಎಲ್ಲರೂ ಫೋನಿನಲ್ಲೇ ಕೊಡುತ್ತಾರೆ ಅನ್ನಬಹುದು. ಸಂತೇಮರಹಳ್ಳಿ ಕಡೆಯ ಒಂದು ಸಂತೆಗೆ ಹೋಗಿ ನೋಡಿ. ಸೆರಗಿನ ಗಂಟು ಇನ್ನೂ ಇದೆ.

ಅಷ್ಟರಲ್ಲಿ ಹುಡುಗಿ ಆ 1990ರ ರೂಪಾಯಿಯನ್ನು ತನ್ನ ಐವತ್ತು ಸೆಂಟಿನ ಪಕ್ಕ ಇಟ್ಟು ಫೋಟೊ ತೆಗೆದಳು. "ಇದು ನನಗೆ ಕೊಡ್ತೀರಾ ಅಜ್ಜಿ? ನನ್ನ ಐವತ್ತು ಸೆಂಟ್ ನೀವು ಇಟ್ಕೊಳ್ಳಿ" ಅಂದಳು. ಎಷ್ಟೊಂದು ನಾಣ್ಯ ಇದೆ, ಒಂದು ಕೊಟ್ಟರೆ ಏನು ಅಂತ ನಾನೂ ಹೇಳಿದೆ.

ಅಮ್ಮ ತಲೆ ಅಲ್ಲಾಡಿಸಿದರು. "ಅದು ನಮ್ದಲ್ಲ ಮಗಾ."

ನನಗೂ ಗೊತ್ತಿರದ ವಿಷಯ ಅಮ್ಮ ಆಗ ಹೇಳಿದರು. ಆ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಕೇಳಿದ್ದರಂತೆ. ಆವತ್ತು ಚೀಲದಲ್ಲಿ ಇರಲಿಲ್ಲ. ನಾಳೆ ತಂದುಕೊಡ್ತೀನಿ ಅಂತ ಅಪ್ಪ ಹೇಳಿದ್ದರು. ಮಾರನೇ ದಿನ ಡಿಪೋದಲ್ಲಿ ಬದಲಾಯಿಸಿಕೊಂಡು ಹೋದರೆ ಅಜ್ಜಿ ಇಲ್ಲ. ಅದರ ಮಾರನೇ ದಿನವೂ ಇಲ್ಲ. ಎರಡು ತಿಂಗಳು ಆ ರೂಪಾಯಿ ಅಪ್ಪನ ಅಂಗಿ ಜೇಬಿನಲ್ಲೇ ಇತ್ತು. ಒಗೆಯುವಾಗ ತೆಗೆದಿಟ್ಟು, ಬೆಳಗ್ಗೆ ಮತ್ತೆ ಜೇಬಿಗೆ ಹಾಕಿ ಕಳಿಸುವುದು ಅಮ್ಮನ ಕೆಲಸ. ಆಮೇಲೆ ಅಪ್ಪನಿಗೆ ಬೇರೆ ರೂಟ್ ಬಂತು.

ಅಮ್ಮ ಅದನ್ನು ಹುಡುಗಿಯ ಕೈಯಿಂದ ತಗೊಂಡು, ಸೆರಗಿನಿಂದ ಒರೆಸಿ, ಡಬ್ಬಿಯಲ್ಲಿ ಬೇರೆ ಯಾವುದಕ್ಕೂ ತಾಗದ ಹಾಗೆ ಅಲ್ಲ, ಎಲ್ಲದರ ನಡುವೆ ಹಾಕಿದರು. ಹುಡುಗಿ ತನ್ನ ಐವತ್ತು ಸೆಂಟನ್ನೂ ಒಳಗೆ ಹಾಕಿ, ಮುಚ್ಚಳಕ್ಕೆ ರಬ್ಬರ್ ಸುತ್ತಿದಳು.